ದೊಡ್ಡ ಮೈಯ ಮೇಷ್ಟರು: ಡ್ಯಾನ್ ಬ್ಲಾಕರ್ ನೆನಪು

ಇಂದು ನಾನು ನೆನೆಯಲು ಹೊರಟಿರುವ ನಟನ ಹೆಸರು ಡ್ಯಾನ್ ಬ್ಲಾಕರ್. ನಿಮ್ಮಲ್ಲಿ ಹೆಚ್ಚಿನವರಿಗೆ ಈ ಹೆಸರು ಹೊಸದಿರಬಹುದು. ಅಮೆರಿಕದಲ್ಲಿ ಅರವತ್ತೈದು ದಾಟಿದವರನ್ನು ಕೇಳಿದರೂ ಕೆಲವರು ಕ್ಷಣ ತಡವರಿಸುತ್ತಾರೆ. ಆದರೆ ‘ಹಾಸ್’ ಎಂದು ನೋಡಿ, ಮುಖ ಅರಳುತ್ತದೆ. ‘ಬೊನಾಂಜಾ’ ಎಂಬ ಟಿ.ವಿ. ಧಾರಾವಾಹಿಯಲ್ಲಿ ಹಾಸ್ ಕಾರ್ಟ್‌ರೈಟ್ ಎಂಬ ಪಾತ್ರವನ್ನು ಬ್ಲಾಕರ್ 1959ರಿಂದ ತಮ್ಮ ಸಾವಿನವರೆಗೂ ಮಾಡಿದರು. ಆ ಪಾತ್ರ ಅವರ ಸ್ವಂತ ಹೆಸರನ್ನೇ ನುಂಗಿಬಿಟ್ಟಿತು.

ಆ ಕಾಲದ ಟಿ.ವಿ. ಹೇಗಿತ್ತು ಎಂಬುದನ್ನು ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ಈ ಮನುಷ್ಯನ ಬೆಲೆ ತಿಳಿಯುವುದಿಲ್ಲ. 1959ರಲ್ಲಿ ಅಮೆರಿಕದ ಮೂರು ದೊಡ್ಡ ವಾಹಿನಿಗಳಲ್ಲಿ ಸಂಜೆಯ ಹೊತ್ತು ಸುಮಾರು 30 ವೆಸ್ಟರ್ನ್ ಧಾರಾವಾಹಿಗಳು ಓಡುತ್ತಿದ್ದವು. ಕುದುರೆ, ಕೋವಿ, ದೂಳು, ಸಲೂನಿನ ಬಾಗಿಲು. ಹೆಚ್ಚಿನವುಗಳಲ್ಲಿ ಒಬ್ಬಂಟಿ ನಾಯಕ. ಊರಿಗೆ ಬರುತ್ತಾನೆ, ಕೆಟ್ಟವರನ್ನು ಹೊಡೆದುರುಳಿಸುತ್ತಾನೆ, ಹೋಗುತ್ತಾನೆ. ಮಾತು ಕಡಿಮೆ, ದವಡೆ ಬಿಗಿ, ಕಣ್ಣಲ್ಲಿ ನೀರಿನ ಸುಳಿವಿಲ್ಲ. 1955ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ‘ಗನ್‌ಸ್ಮೋಕ್’ ಈ ಬಗೆಯ ಧಾರಾವಾಹಿಗಳ ಹಿರಿಯಣ್ಣ. ಅದರ ನಾಯಕ ಜೇಮ್ಸ್ ಆರ್ನೆಸ್ ಆರೂವರೆ ಅಡಿಗೂ ಮಿಗಿಲಾದ ಆಳು, ಬಹಳ ಗಂಭೀರ. ನನಗೆ ಅವರ ಮೇಲೂ ಗೌರವವಿದೆ. ಆದರೆ ಅವರ ಪಾತ್ರ ಅತ್ತದ್ದನ್ನು ನೆನಪು ಮಾಡಿಕೊಳ್ಳಲು ನೀವು ಬಹಳ ಕಷ್ಟಪಡಬೇಕು.

1959ರ ಸೆಪ್ಟೆಂಬರ್ 12ರಂದು ಎನ್‌ಬಿಸಿ ವಾಹಿನಿಯಲ್ಲಿ ‘ಬೊನಾಂಜಾ’ ಶುರುವಾಯಿತು. ಅದಾಗಿ ಮೂರೇ ದಿನಕ್ಕೆ, ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ ನಮ್ಮ ದೂರದರ್ಶನದ ಪ್ರಾಯೋಗಿಕ ಪ್ರಸಾರ ಆರಂಭವಾಯಿತು. ನಮ್ಮಲ್ಲಿ ಆಗ ಟಿ.ವಿ. ಪೆಟ್ಟಿಗೆ ಎಂದರೇನೆಂದೇ ಬಹುಪಾಲು ಜನಕ್ಕೆ ಗೊತ್ತಿರಲಿಲ್ಲ, ಅಲ್ಲಿ ಆಗಲೇ ಬಣ್ಣದ ಮಾತು. ‘ಬೊನಾಂಜಾ’ ಮೊದಲ ಕಂತಿನಿಂದಲೇ ಬಣ್ಣದಲ್ಲಿ ಚಿತ್ರೀಕರಣಗೊಂಡ, ಒಂದು ಗಂಟೆಯ ವೆಸ್ಟರ್ನ್. ಇದರ ಹಿಂದೆ ಶುದ್ಧ ವ್ಯಾಪಾರವಿತ್ತು. ಎನ್‌ಬಿಸಿಯ ಒಡೆತನ ಆರ್‌ಸಿಎ ಕಂಪನಿಯದು, ಆ ಕಂಪನಿಗೆ ಬಣ್ಣದ ಟಿ.ವಿ. ಸೆಟ್‌ಗಳನ್ನು ಮಾರಬೇಕಿತ್ತು. ಟಾಹೋ ಸರೋವರದ ನೀಲಿ, ಪೈನ್ ಮರಗಳ ಹಸಿರು, ಇವನ್ನು ತೋರಿಸಿದರೆ ಜನ ಅಂಗಡಿಗೆ ಹೋಗುತ್ತಾರೆ ಎಂಬ ಲೆಕ್ಕ. ಮೊದಲೆರಡು ವರ್ಷ ಶನಿವಾರ ಸಂಜೆ ಈ ಧಾರಾವಾಹಿಗೆ ಅಷ್ಟೇನೂ ಪ್ರೇಕ್ಷಕರಿರಲಿಲ್ಲ. ಬಣ್ಣದ ಕಾರಣಕ್ಕೇ ಅದು ಉಳಿದುಕೊಂಡಿತು. 1961ರಲ್ಲಿ ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ಸರಿಸಿದರು, ಷೆವರ್ಲೆ ಕಾರಿನ ಕಂಪನಿ ಪ್ರಾಯೋಜಕನಾಯಿತು, ಆಮೇಲೆ ಹಿಂತಿರುಗಿ ನೋಡಲಿಲ್ಲ. 1964ರಿಂದ 67ರವರೆಗೆ ಸತತ ಮೂರು ಋತು (ಟಿ.ವಿ.ಯಲ್ಲಿ ಒಂದು ವರ್ಷದ ಕಂತುಗಳ ಸರಣಿಯನ್ನು ಹೀಗೆನ್ನುತ್ತಾರೆ) ಅಮೆರಿಕದ ಮೊದಲ ಸ್ಥಾನದ ಕಾರ್ಯಕ್ರಮ ಅದು.

ಕಥೆಯ ಚೌಕಟ್ಟು ಸರಳ. ಹತ್ತೊಂಬತ್ತನೇ ಶತಮಾನದ ನೆವಾಡಾ, ವರ್ಜೀನಿಯಾ ಸಿಟಿ ಎಂಬ ಬೆಳ್ಳಿ ಗಣಿಯ ಊರು, ಅದರ ಹತ್ತಿರ ಪಾಂಡೆರೋಸಾ ಎಂಬ ದೊಡ್ಡ ರ‍್ಯಾಂಚ್, ಎಂದರೆ ದನಕುದುರೆ ಸಾಕುವ ಜಮೀನು. ಅದರ ಯಜಮಾನ ಬೆನ್ ಕಾರ್ಟ್‌ರೈಟ್. ಮೂರು ಸಲ ಮದುವೆಯಾಗಿ ಮೂರು ಸಲವೂ ಹೆಂಡತಿಯನ್ನು ಕಳೆದುಕೊಂಡವನು. ಮೂವರು ತಾಯಂದಿರಿಗೆ ಮೂವರು ಗಂಡುಮಕ್ಕಳು: ಓದಿದ, ಬಿಗುಮಾನದ ಆಡಮ್, ನಡುವಿನವ ಹಾಸ್, ಕಿರಿಯ, ಮುಂಗೋಪಿ ಲಿಟ್ಲ್ ಜೋ. ಒಬ್ಬಂಟಿ ನಾಯಕನ ಜಾಗದಲ್ಲಿ ಒಂದು ಕುಟುಂಬ ಬಂತು. ಊಟದ ಮೇಜು ಬಂತು. ಅಣ್ಣತಮ್ಮಂದಿರ ಜಗಳ, ಅಪ್ಪನ ಗದರಿಕೆ, ರಾತ್ರಿ ಬೆಂಕಿಯ ಮುಂದಿನ ಮಾತು ಬಂದವು. ಈ ಮನೆಯೊಳಗೆ ಹೆಂಗಸೊಬ್ಬಳು ಬಹಳ ದಿನ ನಿಲ್ಲುವುದಿಲ್ಲ. ಹಾಗಾಗಿ ತಾಯಿಯ ಸ್ಥಾನದಲ್ಲಿ ನಿಲ್ಲಬೇಕಾದ ಮೃದುತ್ವವನ್ನು ಯಾರಾದರೊಬ್ಬ ಗಂಡಸು ಹೊರಬೇಕಿತ್ತು. ಅದನ್ನು ಹೊತ್ತವನು ಆ ಮನೆಯ ಅತಿ ದೊಡ್ಡ ದೇಹದವನು. ನಾನು ಇಂದು ಹೇಳಬೇಕೆಂದಿರುವುದು ಇದೇ ಸಂಗತಿ: ಬ್ಲಾಕರ್ ಮೃದುತ್ವವನ್ನು ತಮ್ಮ ಮೈಯಿಂದಲೇ ಅಭಿನಯಿಸಿದರು. ಮೈ ದೊಡ್ಡದಾಗಿದ್ದರಿಂದಲೇ ಅದು ಕಂಡಿತು.

ಎಷ್ಟು ದೊಡ್ಡದು ಆ ಮೈ? ಎತ್ತರ ಆರಡಿ ನಾಲ್ಕು ಅಂಗುಲ, ತೂಕ ಸುಮಾರು 136 ಕಿಲೋ. 1928ರ ಡಿಸೆಂಬರ್ 10ರಂದು ಟೆಕ್ಸಾಸಿನ ಡಿ ಕಾಲ್ಬ್ ಎಂಬ ಊರಿನಲ್ಲಿ ಹುಟ್ಟಿದಾಗಲೇ ಆ ಮಗು ಆರು ಕಿಲೋಗಿಂತ ಹೆಚ್ಚು ತೂಗುತ್ತಿತ್ತಂತೆ. ಆಮೇಲೆ ಮನೆಯವರು ಪಶ್ಚಿಮ ಟೆಕ್ಸಾಸಿನ ಓಡಾನಲ್ ಎಂಬ ಪುಟ್ಟ ಊರಿಗೆ ಹೋಗಿ ದಿನಸಿ ಅಂಗಡಿ ಇಟ್ಟರು. ಹುಡುಗ ಬೆಳೆದದ್ದು ಅಲ್ಲಿ. ತನ್ನ ತಂದೆ ಹೇಳುತ್ತಿದ್ದ ಮಾತೊಂದನ್ನು ಬ್ಲಾಕರ್ ಮುಂದೆ ಸಂದರ್ಶನಗಳಲ್ಲಿ ನೆನೆಯುತ್ತಿದ್ದರು: ಸವಾರಿ ಮಾಡೋಣವೆಂದರೆ ನೀನು ತುಂಬ ದೊಡ್ಡವನು, ಗಾಡಿಗೆ ಹೂಡೋಣವೆಂದರೆ ತುಂಬ ಚಿಕ್ಕವನು ಎಂದು. ಇದರಲ್ಲಿ ನಗುವಿದೆ, ನಿಜ. ಆದರೆ ಹನ್ನೆರಡು ಹದಿಮೂರನೇ ವಯಸ್ಸಿಗೇ ದೊಡ್ಡ ಗಂಡಸಿನ ಮೈ ಬಂದ ಹುಡುಗನ ಬದುಕನ್ನು ಯೋಚಿಸಿ. ಅವನು ತಮಾಷೆಗೆ ತಳ್ಳಿದರೂ ಎದುರಿನವನಿಗೆ ಪೆಟ್ಟಾಗುತ್ತದೆ. ಅಂಥ ಹುಡುಗ ಬಹಳ ಬೇಗ ಕೈ ತಡೆಯುವುದನ್ನು ಕಲಿಯುತ್ತಾನೆ. ಹಾಸ್ ಪಾತ್ರದಲ್ಲಿ ನಾವು ಕಾಣುವ ಆ ತಡೆ ಅಲ್ಲಿಂದ ಬಂದಿರಬೇಕು ಎಂಬುದು ನನ್ನ ನಂಬಿಕೆ.

ಕಾಲೇಜಿನಲ್ಲಿ ಎಲ್ಲರೂ ಊಹಿಸುವಂತೆ ಅಮೆರಿಕನ್ ಫುಟ್‌ಬಾಲ್ ಆಡಿದರು. ಅಬಿಲೀನ್‌ನ ಹಾರ್ಡಿನ್-ಸಿಮನ್ಸ್‌ನಲ್ಲಿ ಸ್ವಲ್ಪ ಕಾಲ, ಆಮೇಲೆ ಆಲ್ಪೈನ್ ಎಂಬ ಊರಿನ ಸಲ್ ರಾಸ್ ಶಿಕ್ಷಕರ ಕಾಲೇಜಿನಲ್ಲಿ. ರಂಗಭೂಮಿಗೆ ಅವರು ಬಂದ ಬಗೆಯ ಬಗ್ಗೆ ಒಂದು ಕಥೆ ಹೇಳುತ್ತಾರೆ. ಕಾಲೇಜಿನವರು ಹಾಸ್ಯ ನಾಟಕವೊಂದನ್ನು ಆಡಿಸುತ್ತಿದ್ದರು, ಅದರಲ್ಲಿ ನೆಲಮಾಳಿಗೆಯಿಂದ ಹೆಣಗಳನ್ನು ಎತ್ತಿ ತರುವ ಕೆಲಸವಿತ್ತು. ಹೆಣವಾಗಿ ನಟಿಸುವವರೂ ಜೀವಂತ ಮನುಷ್ಯರೇ ಅಲ್ಲವೇ, ಅವರನ್ನು ಹೊರಲು ಗಟ್ಟಿ ಆಳು ಬೇಕಾಗಿತ್ತು. ಹಾಗೆ ಬಲಕ್ಕಾಗಿ ಕರೆಸಿಕೊಂಡ ಹುಡುಗ ಅಲ್ಲೇ ಉಳಿದುಬಿಟ್ಟ. 1950ರಲ್ಲಿ ಭಾಷಣಕಲೆ ಮತ್ತು ನಾಟಕದಲ್ಲಿ ಪದವಿ ಪಡೆದರು.

ಅಷ್ಟರಲ್ಲಿ ಕೊರಿಯಾ ಯುದ್ಧ. ಸೈನ್ಯಕ್ಕೆ ಕರೆ ಬಂತು. 45ನೇ ಪದಾತಿ ದಳದಲ್ಲಿ ಸಾರ್ಜೆಂಟ್ ಆಗಿ 1951ರ ಕೊನೆಯಿಂದ 52ರವರೆಗೆ ಯುದ್ಧಭೂಮಿಯಲ್ಲಿದ್ದು ಗಾಯಗೊಂಡರು, ಪರ್ಪಲ್ ಹಾರ್ಟ್ ಪದಕ ಬಂತು. ಮುಂದೆ ಹದಿಮೂರು ವರ್ಷ ತೆರೆಯ ಮೇಲೆ ಸುಳ್ಳು ಕೋವಿ ಹಿಡಿದ ಈ ಮನುಷ್ಯನಿಗೆ ನಿಜವಾದ ಗುಂಡು ಏನು ಮಾಡುತ್ತದೆ ಎಂಬುದು ಗೊತ್ತಿತ್ತು. ಹಾಸ್ ಯಾರನ್ನಾದರೂ ಕೊಲ್ಲಬೇಕಾಗಿ ಬಂದ ಕಂತುಗಳಲ್ಲಿ ಆ ಮುಖವನ್ನು ಗಮನಿಸಿ. ಗೆದ್ದವನ ಮುಖ ಅದಲ್ಲ.

ಯುದ್ಧದಿಂದ ಮರಳಿದ ವರ್ಷವೇ ಡಾಲ್ಫಿಯಾ ಪಾರ್ಕರ್ ಅವರನ್ನು ಮದುವೆಯಾದರು. ಸ್ನಾತಕೋತ್ತರ ಪದವಿ ಮುಗಿಸಿ ಮೇಷ್ಟರಾದರು. ಟೆಕ್ಸಾಸಿನ ಸೊನೋರಾದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮತ್ತು ನಾಟಕ, ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಆರನೇ ತರಗತಿ. ಇಲ್ಲಿ ಕುಳಿತಿರುವ ಶಿಕ್ಷಕರಿಗೆ ನಾನು ವಿವರಿಸಬೇಕಾಗಿಲ್ಲ, ಆರನೇ ತರಗತಿಯ ಮಕ್ಕಳ ಮುಂದೆ 136 ಕಿಲೋ ತೂಕದ ಮೇಷ್ಟರು ನಿಂತರೆ ಮೊದಲ ದಿನ ಏನಾಗುತ್ತದೆ ಎಂದು. ತರಗತಿ ತಣ್ಣಗಾಗುತ್ತದೆ. ಆದರೆ ಹೆದರಿದ ಮಗುವಿಗೆ ಏನನ್ನೂ ಕಲಿಸಲಾಗುವುದಿಲ್ಲ. ಮೊದಲು ಆ ಹೆದರಿಕೆಯನ್ನು ತೆಗೆಯಬೇಕು. ದನಿ ತಗ್ಗಿಸಬೇಕು, ಬಗ್ಗಿ ಮಾತನಾಡಬೇಕು, ಮಗುವಿನ ಕಣ್ಣಿನ ಮಟ್ಟಕ್ಕೆ ಬರಬೇಕು. ಟಿ.ವಿ.ಯಲ್ಲಿ ಹಾಸ್ ಮಕ್ಕಳ ಜೊತೆ, ಮುದುಕರ ಜೊತೆ, ಗಾಯಗೊಂಡ ಪ್ರಾಣಿಯ ಜೊತೆ ಇರುವ ದೃಶ್ಯಗಳನ್ನು ನೋಡುವಾಗಲೆಲ್ಲ ನನಗೆ ಈ ಮೇಷ್ಟರೇ ಕಾಣುತ್ತಾರೆ.

ಡಾಕ್ಟರೇಟ್ ಮಾಡಬೇಕೆಂದು ಹೆಂಡತಿ ಮಕ್ಕಳೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿದರು. ಆ ಪದವಿ ಮುಗಿಯಲೇ ಇಲ್ಲ. ಓದಿನ ಜೊತೆಗೆ ಸಣ್ಣಪುಟ್ಟ ಪಾತ್ರಗಳು ಸಿಗತೊಡಗಿದವು. ‘ಗನ್‌ಸ್ಮೋಕ್’ನಲ್ಲಿ ಒಂದಿಷ್ಟು. 1957ರಲ್ಲಿ ಥ್ರೀ ಸ್ಟೂಜಸ್ ಎಂಬ ಹಾಸ್ಯ ತಂಡದ ಕಿರುಚಿತ್ರವೊಂದರಲ್ಲಿ ಭೂತದಂಥ ವೇಷ, ಅದರಲ್ಲಿ ಹೆಸರನ್ನೂ ಡಾನ್ ಎಂದು ತಪ್ಪಾಗಿ ಹಾಕಿದ್ದಾರೆ. ಆ ಮೈಯನ್ನು ಕಂಡ ನಿರ್ಮಾಪಕರಿಗೆಲ್ಲ ಹೊಳೆದದ್ದು ಅಷ್ಟೇ: ಹೆದರಿಸುವುದಕ್ಕೆ ಅಥವಾ ನಗಿಸುವುದಕ್ಕೆ. ಡೇವಿಡ್ ಡಾರ್ಟಾರ್ಟ್ ಎಂಬ ನಿರ್ಮಾಪಕರಿಗೆ ಮಾತ್ರ ಬೇರೇನೋ ಕಂಡಿತು. ಅವರ ಹಿಂದಿನ ಧಾರಾವಾಹಿ ‘ದ ರೆಸ್ಟ್‌ಲೆಸ್ ಗನ್’ನಲ್ಲಿ ಬ್ಲಾಕರ್ ಕೆಲವು ಕಂತುಗಳಲ್ಲಿ ಬಂದುಹೋಗಿದ್ದರು. ‘ಬೊನಾಂಜಾ’ ರೂಪಿಸುವಾಗ ಡಾರ್ಟಾರ್ಟ್ ಅವರನ್ನು ನೆನಪಿಟ್ಟು ಕರೆದರು. ಇಂಥ ಕಣ್ಣುಳ್ಳ ನಿರ್ಮಾಪಕರಿಗೆ ನಾವು ಕೃತಜ್ಞರಾಗಿರಬೇಕು.

ಈ ತಾರಾಗಣದ ವಯಸ್ಸಿನ ಲೆಕ್ಕ ಮಜವಾಗಿದೆ. ಅಪ್ಪನ ಪಾತ್ರದ ಲಾರ್ನ್ ಗ್ರೀನ್ ಹುಟ್ಟಿದ್ದು 1915ರಲ್ಲಿ, ಎಂದರೆ ‘ಮಗ’ ಬ್ಲಾಕರ್‌ಗಿಂತ ಹದಿಮೂರೇ ವರ್ಷ ದೊಡ್ಡವರು. ಹಾಸ್‌ನ ತಾಯಿ ಇಂಗರ್, ಸ್ವೀಡನ್ ಮೂಲದವಳು, ಹಿಂದಿನ ಕಾಲದ ಕಥೆಯ ಕಂತುಗಳಲ್ಲಿ ಬರುತ್ತಾಳೆ. ಆ ಪಾತ್ರ ಮಾಡಿದ ಇಂಗಾ ಸ್ವೆನ್ಸನ್ ತಮ್ಮ ‘ಮಗ’ನಿಗಿಂತ ನಾಲ್ಕು ವರ್ಷ ಚಿಕ್ಕವರು! ನಾಟಕ ಕಂಪನಿಗಳನ್ನು ಕಂಡ ನಮಗೆ ಇದೇನೂ ಹೊಸದಲ್ಲ. ಲಾರ್ನ್ ಗ್ರೀನ್ ಕೆನಡಾದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ರೇಡಿಯೋದಲ್ಲಿ ಯುದ್ಧದ ವಾರ್ತೆ ಓದುತ್ತಿದ್ದವರು, ಆ ಗಡಸು ದನಿ ಬಂದದ್ದು ಅಲ್ಲಿಂದ. ಆಡಮ್ ಪಾತ್ರದ ಪರ್ನೆಲ್ ರಾಬರ್ಟ್ಸ್‌ಗೆ ಈ ಧಾರಾವಾಹಿಯ ಗುಣಮಟ್ಟದ ಬಗ್ಗೆ ಸದಾ ಅಸಮಾಧಾನ, 1965ರಲ್ಲಿ ಬಿಟ್ಟು ಹೋದರು. ಉಳಿದವರು ಬ್ಲಾಕರ್ ಮತ್ತು ಲಿಟ್ಲ್ ಜೋ ಪಾತ್ರದ ಮೈಕೆಲ್ ಲ್ಯಾಂಡನ್. ಇವರಿಬ್ಬರ ಅಣ್ಣತಮ್ಮಂದಿರ ಆಟವೇ ಮುಂದೆ ಧಾರಾವಾಹಿಯ ಜೀವಾಳವಾಯಿತು. ಜೋ ಏನೋ ತುಂಟತನದ ಯೋಜನೆ ಹಾಕುತ್ತಾನೆ, ಹಾಸ್ ಅನುಮಾನಿಸುತ್ತಲೇ ಒಪ್ಪುತ್ತಾನೆ, ಕೊನೆಗೆ ಪೆಟ್ಟು ಬೀಳುವುದು ಹಾಸ್‌ಗೇ.

ಈಗ ಅಭಿನಯಕ್ಕೆ ಬರುತ್ತೇನೆ. ಹಾಸ್‌ನ ಟೋಪಿಯನ್ನು ನೋಡಿ. ಉಳಿದವರಿಗೆಲ್ಲ ಸಾಮಾನ್ಯ ಕೌಬಾಯ್ ಟೋಪಿ, ಅವನಿಗೆ ಮಾತ್ರ ನೆತ್ತಿ ಎತ್ತರಕ್ಕೆ ಎದ್ದ ಬಿಳಿ ಟೋಪಿ. ಮೊದಲೇ ಎತ್ತರದ ಮನುಷ್ಯನನ್ನು ಅದು ಇನ್ನೂ ಎತ್ತರ ಮಾಡುತ್ತದೆ. ಈಗ ಅವನು ಯಾವುದೋ ಬಡ ಹೆಂಗಸಿನ ಮನೆಯ ಬಾಗಿಲಿಗೆ ಬಂದ ಎಂದಿಟ್ಟುಕೊಳ್ಳಿ. ಮೊದಲು ಟೋಪಿ ತೆಗೆಯುತ್ತಾನೆ. ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಳ್ಳುತ್ತಾನೆ. ಭುಜಗಳನ್ನು ಒಳಗೆ ಎಳೆದುಕೊಳ್ಳುತ್ತಾನೆ, ಕತ್ತು ಸ್ವಲ್ಪ ಬಾಗುತ್ತದೆ. ಅಷ್ಟರಲ್ಲಿ ಆ ಬೃಹತ್ ದೇಹ ಅರ್ಧವಾಗಿರುತ್ತದೆ. ಆಮೇಲೆ ಮುಂದಿನ ಹಲ್ಲುಗಳ ನಡುವೆ ಸಂದು ಕಾಣುವ ನಗು, ತಿಳಿನೀಲಿ ಕಣ್ಣು. ಇಷ್ಟಕ್ಕೆ ಒಂದು ಮಾತೂ ಬೇಕಾಗುವುದಿಲ್ಲ. ಬೇರೆ ನಟರು ತೆರೆಯ ಮೇಲೆ ತಮ್ಮ ಮೈಯನ್ನು ಹಿಗ್ಗಿಸಲು ಹೆಣಗುವ ಕಾಲದಲ್ಲಿ ಈ ಮನುಷ್ಯ ಕುಗ್ಗಿಸಿ ತೋರಿಸಿದರು. ಎದೆ ಉಬ್ಬಿಸುವುದು ಸುಲಭ. ಎದುರಿಗಿರುವವರಿಗೆ ಜಾಗ ಮಾಡಿಕೊಡುವಂತೆ ಮೈಯನ್ನು ಇಟ್ಟುಕೊಳ್ಳುವುದು ಅಭ್ಯಾಸದಿಂದ, ಮನಸ್ಸಿನಿಂದ ಬರಬೇಕು.

ನಮ್ಮವರಿಗೆ ಇಂಥ ಪಾತ್ರ ಎಂದ ಕೂಡಲೇ ಭೀಮನ ನೆನಪಾಗುತ್ತದೆ. ಅರಗಿನ ಮನೆಯಿಂದ ತಾಯಿಯನ್ನೂ ಅಣ್ಣತಮ್ಮಂದಿರನ್ನೂ ಹೊತ್ತು ಕಾಡು ದಾಟಿದ ಭೀಮ, ಊಟದ ಮೇಲೆ ಪ್ರೀತಿಯುಳ್ಳ ಭೀಮ. ಹೋಲಿಕೆ ಅಲ್ಲಿಯವರೆಗೆ ಸರಿ. ಆದರೆ ಭೀಮನಲ್ಲಿ ಹಗೆಯ ಬೆಂಕಿಯಿದೆ, ಹಾಸ್‌ನಲ್ಲಿ ಅದಿಲ್ಲ. ಸಿಟ್ಟು ಬಂದರೂ ಅದು ನಿಲ್ಲುವುದಿಲ್ಲ.

ಈ ಪಾತ್ರ ಮಾಡುವಾಗ ತನ್ನ ಮನಸ್ಸಿನಲ್ಲಿ ಸ್ಟೀಫನ್ ಗ್ರೆಲೆಟ್ ಎಂಬ, ಕ್ರೈಸ್ತರ ಕ್ವೇಕರ್ ಪಂಥದ ಧರ್ಮಪ್ರಚಾರಕನದೆನ್ನಲಾದ ಮಾತು ಇರುತ್ತದೆ ಎಂದು ಬ್ಲಾಕರ್ ಹೇಳಿದ್ದರು. ಅದರ ಸಾರ ಇಷ್ಟು: ಈ ಲೋಕದ ದಾರಿಯಲ್ಲಿ ನಾವು ಹಾದುಹೋಗುವುದು ಒಂದೇ ಸಲ, ತೋರಬಹುದಾದ ಕರುಣೆ, ಮಾಡಬಹುದಾದ ಒಳಿತು ಏನಿದ್ದರೂ ಈಗಲೇ ಆಗಲಿ, ಮತ್ತೆ ಈ ದಾರಿಯಲ್ಲಿ ಬರುವುದಿಲ್ಲ. ವಾರಕ್ಕೊಂದು ಕಂತು ಹೊಡೆದು ಹಾಕುವ ಟಿ.ವಿ. ಕಾರ್ಖಾನೆಯಲ್ಲಿ ನಿಂತು ಒಬ್ಬ ನಟ ತನ್ನ ಪಾತ್ರಕ್ಕೆ ಇಂಥ ಅಡಿಪಾಯ ಹುಡುಕಿಕೊಂಡ ಎಂಬುದು ನನಗೆ ದೊಡ್ಡ ಸಂಗತಿ.

ಎರಡು ಕಂತುಗಳನ್ನು ಮಾತ್ರ ಹೇಳುತ್ತೇನೆ. 1960ರ ‘ದ ಏಪ್’. ಹಾಸ್‌ಗೆ ತನ್ನಷ್ಟೇ ದೊಡ್ಡ ಮೈಯ, ಆದರೆ ಮಗುವಿನ ಬುದ್ಧಿಯ ಒಬ್ಬ ಅಲೆಮಾರಿ ಸಿಗುತ್ತಾನೆ. ಅವನಿಗೆ ತನ್ನ ಬಲದ ಮೇಲೆ ಹಿಡಿತವಿಲ್ಲ. ಊರು ಅವನನ್ನು ಮೃಗ ಎನ್ನುತ್ತದೆ. ಹಾಸ್ ಅವನ ಗೆಳೆಯನಾಗುತ್ತಾನೆ, ಆದರೆ ಅವನನ್ನು ಉಳಿಸಿಕೊಳ್ಳಲಾಗುವುದಿಲ್ಲ. ಈ ಕಂತಿನಲ್ಲಿ ಬ್ಲಾಕರ್ ಕಣ್ಣಿನಲ್ಲಿ ಒಂದು ಗುರುತಿಸುವಿಕೆ ಇದೆ. ಒಳ್ಳೆಯ ಅಪ್ಪ, ಅಣ್ಣತಮ್ಮಂದಿರು ಇಲ್ಲದಿದ್ದರೆ ನಾನೂ ಇವನೇ ಆಗುತ್ತಿದ್ದೆ ಎಂಬ ಅರಿವು. ಸಂಭಾಷಣೆಯಲ್ಲಿ ಅದನ್ನು ಬರೆದು ತೋರಿಸಬೇಕಾಗಿಲ್ಲ, ಮುಖದಲ್ಲಿದೆ.

ಇನ್ನೊಂದು 1963ರ ‘ಹಾಸ್ ಆ್ಯಂಡ್ ದ ಲೆಪ್ರಕಾನ್ಸ್’. ಕ್ರಿಸ್‌ಮಸ್ ಹೊತ್ತಿಗೆ ಪ್ರಸಾರವಾದದ್ದು. ಕಾಡಿನಲ್ಲಿ ಹಸಿರು ಬಟ್ಟೆಯ ಪುಟ್ಟ ಮನುಷ್ಯರನ್ನು ಕಂಡೆ, ಅವರ ಬಂಗಾರದ ಪೆಟ್ಟಿಗೆ ಸಿಕ್ಕಿತು ಎಂದು ಹಾಸ್ ಬಂದು ಹೇಳುತ್ತಾನೆ. ಐರಿಷ್ ಕಥೆಗಳಲ್ಲಿ ಬರುವ ಗುಜ್ಜಾರಿ ಮಾಯಾವಿಗಳು ಇವರು. ಮನೆಯವರು ನಂಬುವುದಿಲ್ಲ, ನಗುತ್ತಾರೆ. ಊರಿನವರಿಗೆ ಬಂಗಾರದ ಆಸೆ ಹತ್ತಿ ಕಾಡಿಗೆಲ್ಲ ಲಗ್ಗೆ ಇಡುತ್ತಾರೆ. ಕೊನೆಗೆ ಗೊತ್ತಾಗುವುದು, ಅವರು ಮಾಯಾವಿಗಳಲ್ಲ, ಪ್ರದರ್ಶನದ ವಸ್ತುಗಳಾಗಿ ಬದುಕಿ ಬೇಸತ್ತ ಗಿಡ್ಡ ದೇಹದ ಮನುಷ್ಯರು ಎಂದು. ಆಗ ಊರಿನ ಗುಂಪಿನ ಮುಂದೆ ಹಾಸ್ ಅವರ ಪರವಾಗಿ ಮಾತನಾಡುತ್ತಾನೆ. ಇಡೀ ಕಂತು ಹಾಸ್ಯ, ಮಕ್ಕಳಿಗೆ ಹೇಳಿ ಮಾಡಿಸಿದ್ದು. ಆದರೆ ಊರಿನಲ್ಲೇ ಅತಿ ದೊಡ್ಡ ದೇಹದವನು ಅತಿ ಚಿಕ್ಕ ದೇಹದವರ ಪಕ್ಕ ನಿಂತು ಇವರೂ ನಮ್ಮಂತೆಯೇ ಬದುಕಬೇಕು ಎನ್ನುವಾಗ, ಆ ಚಿತ್ರವೇ ಅರ್ಧ ಮಾತು ಮುಗಿಸಿರುತ್ತದೆ. ಮೈಯಿಂದಾಗಿ ಜನರ ಕಣ್ಣಿಗೆ ಬೀಳುವ ಕಷ್ಟ ಇಬ್ಬರಿಗೂ ಗೊತ್ತು.

ಈ ಧಾರಾವಾಹಿಯನ್ನು ನಾನು ತಲೆಯ ಮೇಲೆ ಹೊತ್ತು ಮೆರೆಸುತ್ತಿಲ್ಲ. ಪಾಂಡೆರೋಸಾದ ಸಾವಿರಾರು ಎಕರೆ ಯಾರ ನೆಲ ಎಂಬ ಪ್ರಶ್ನೆಯನ್ನು ಅದು ಹೆಚ್ಚಾಗಿ ಬದಿಗಿಟ್ಟಿತು. ಆ ನೆಲದ ಮೂಲನಿವಾಸಿಗಳಾದ ಪೈಯೂಟ್ ಜನರ ಕಥೆ ಬಂದಾಗಲೂ ಮುಖ್ಯ ಪಾತ್ರಗಳಿಗೆ ಬಿಳಿಯ ನಟರಿಗೇ ಬಣ್ಣ ಬಳಿದು ನಿಲ್ಲಿಸುತ್ತಿದ್ದರು. ಮನೆಯ ಚೀನೀ ಅಡುಗೆಯವ ಹಾಪ್ ಸಿಂಗ್ ಪಾತ್ರದ ವಿಕ್ಟರ್ ಸೆನ್ ಯಂಗ್ ಒಳ್ಳೆಯ ನಟ, ಅವರಿಗೆ ಕೊಟ್ಟದ್ದು ಬಹುತೇಕ ಕಿರುಚಾಟವಷ್ಟೇ. ಇದನ್ನೆಲ್ಲ ಒಪ್ಪಿಕೊಂಡೇ ಬ್ಲಾಕರ್ ಬಗ್ಗೆ ಮಾತನಾಡಬೇಕು. ಏಕೆಂದರೆ ಅವರು ಆ ಚೌಕಟ್ಟಿನ ಹೊರಗೆ ಮಾಡಿದ ಒಂದು ಕೆಲಸ ನನಗೆ ಅವರ ಎಲ್ಲ ಕಂತುಗಳಷ್ಟೇ ಮುಖ್ಯ.

1964ರ ಜನವರಿ. ಮಿಸಿಸಿಪಿ ರಾಜ್ಯದ ರಾಜಧಾನಿ ಜಾಕ್ಸನ್. ಅಲ್ಲೊಂದು ದೊಡ್ಡ ವಾಣಿಜ್ಯ ಮತ್ತು ಕೈಗಾರಿಕಾ ವಸ್ತುಪ್ರದರ್ಶನ, ಅದಕ್ಕೆ ‘ಬೊನಾಂಜಾ’ ತಾರೆಯರನ್ನು ಕರೆದಿದ್ದರು: ಗ್ರೀನ್, ಬ್ಲಾಕರ್, ಲ್ಯಾಂಡನ್. ಆಗಿನ ಜಾಕ್ಸನ್ ಎಂದರೆ ಏನು? ಅದಕ್ಕೆ ಏಳು ತಿಂಗಳ ಹಿಂದೆ, 1963ರ ಜೂನ್‌ನಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ಅವರನ್ನು ಅದೇ ಊರಿನಲ್ಲಿ ಅವರ ಮನೆಯ ಮುಂದೆಯೇ ಗುಂಡಿಕ್ಕಿ ಕೊಂದಿದ್ದರು. ಸಭಾಂಗಣಗಳಲ್ಲಿ ಬಿಳಿಯರಿಗೇ ಬೇರೆ ಜಾಗ, ಕಪ್ಪು ಜನರಿಗೇ ಬೇರೆ ಜಾಗ. ಹೊರಗಿನಿಂದ ಬರುವ ಕಲಾವಿದರಿಗೆ ಅಲ್ಲಿನ ಹೋರಾಟಗಾರರು, ಟೂಗಲೂ ಕಾಲೇಜಿನ ವಿದ್ಯಾರ್ಥಿಗಳು ಬರೆಯುತ್ತಿದ್ದರು: ಇಂಥ ಸಭೆಯಲ್ಲಿ ನೀವು ಕಾಣಿಸಿಕೊಂಡರೆ ಈ ಏರ್ಪಾಡನ್ನು ಒಪ್ಪಿದಂತೆ ಎಂದು.

ಬ್ಲಾಕರ್ ಟೆಲಿಗ್ರಾಂ ಕಳಿಸಿದರು. ಪೂರ್ಣ ಪೌರತ್ವಕ್ಕಾಗಿ ಕಪ್ಪು ಜನರು ನಡೆಸುತ್ತಿರುವ ಹೋರಾಟಕ್ಕೆ ಬಹುಕಾಲದಿಂದ ನನ್ನ ಸಹಾನುಭೂತಿಯಿದೆ, ಬೇರ್ಪಡಿಸಿ ಕೂರಿಸಿದ ಸಭೆಯ ಮುಂದೆ ಯಾವ ರೂಪದಲ್ಲಿ ಬರುವುದೂ ನನ್ನ ನೈತಿಕ ನಂಬಿಕೆಗೆ ಹೊಂದುವುದಿಲ್ಲ, ಅಷ್ಟೇ ಅಲ್ಲ, ಅದು ನನಗೆ ಹೇಸಿಗೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಉಳಿದಿಬ್ಬರೂ ಹೋಗಲಿಲ್ಲ. ಜಾಕ್ಸನ್‌ನ ಮೇಯರ್ ಅಲೆನ್ ಥಾಂಪ್ಸನ್‌ಗೆ ಸಿಟ್ಟು ಬಂತು, ಇನ್ನು ಮೇಲೆ ‘ಬೊನಾಂಜಾ’ ನೋಡಬೇಡಿ ಎಂದು ಊರಿನವರಿಗೆ ಕರೆ ಕೊಟ್ಟರು.

ಆ ಟೆಲಿಗ್ರಾಂನ ಹಿಂದೆ ಇದ್ದವನು ಯಾರು ನೋಡಿ. ನ್ಯೂಯಾರ್ಕಿನ ಬುದ್ಧಿಜೀವಿಯಲ್ಲ, ಟೆಕ್ಸಾಸಿನ ಸಣ್ಣ ಊರಿನ ದಿನಸಿ ಅಂಗಡಿಯವರ ಮಗ. ದಕ್ಷಿಣದ ರಾಜ್ಯಗಳ ಬಿಳಿಯ ಪ್ರೇಕ್ಷಕರು ಭಾನುವಾರ ರಾತ್ರಿ ಅವನನ್ನು ತಮ್ಮ ಮನೆಯ ಹುಡುಗ ಎಂದುಕೊಂಡು ನೋಡುತ್ತಿದ್ದರು. ಆ ಪ್ರೀತಿಯನ್ನು ಕಳೆದುಕೊಳ್ಳುವ ಸಾಧ್ಯತೆ ನಿಜವಾಗಿ ಇತ್ತು, ಕಾರು ಮಾರುವ ಪ್ರಾಯೋಜಕರಿದ್ದರು. ಇಂಥ ಬೇರ್ಪಡಿಕೆಯನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು ಆ ವರ್ಷದ ಜುಲೈನಲ್ಲಿ, ಎಂದರೆ ಕಾನೂನು ಹೇಳುವ ಮೊದಲೇ ಬ್ಲಾಕರ್ ಹೇಳಿದರು. ಆರೋಗ್ಯ ಸರಿಯಿಲ್ಲ, ಚಿತ್ರೀಕರಣವಿದೆ ಎಂದು ನುಣುಚಿಕೊಳ್ಳಬಹುದಿತ್ತು. ಹಾಗೆ ಮಾಡದೆ ಕಾರಣವನ್ನು ಬರೆದು ಕಳಿಸಿದರು.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಸಂಗತಿ, ಸ್ವಲ್ಪ ಆಚೆಯದು. ಸ್ಟ್ಯಾನ್ಲಿ ಕೂಬ್ರಿಕ್ ಅಣುಯುದ್ಧವನ್ನು ಗೇಲಿ ಮಾಡುವ ‘ಡಾಕ್ಟರ್ ಸ್ಟ್ರೇಂಜ್‌ಲವ್’ ಚಿತ್ರ ಮಾಡುತ್ತಿದ್ದರು. ಬಾಂಬ್ ವಿಮಾನದ ಮುಖ್ಯಸ್ಥನ ಪಾತ್ರವನ್ನು ಪೀಟರ್ ಸೆಲ್ಲರ್ಸ್ ಮಾಡಬೇಕಿತ್ತು, ಪೆಟ್ಟಾಗಿ ಆಗಲಿಲ್ಲ. ಟೆಕ್ಸಾಸಿನ ನಿಜವಾದ ದನಿ ಬೇಕೆಂದು ಬ್ಲಾಕರ್ ಅವರಿಗೆ ಚಿತ್ರಕಥೆ ಕಳಿಸಿದರು. ಅವರ ಏಜೆಂಟ್ ಇದು ವಿಪರೀತ ಎಡಪಂಥೀಯವಾಗಿದೆ, ಬ್ಲಾಕರ್‌ಗೆ ಒಗ್ಗುವುದಿಲ್ಲ ಎಂದು ವಾಪಸು ಕಳಿಸಿದ ಎಂದು ಚಿತ್ರದ ಸಹಲೇಖಕ ಟೆರಿ ಸದರ್ನ್ ನೆನೆದಿದ್ದಾರೆ. ಪಾತ್ರ ಸ್ಲಿಮ್ ಪಿಕನ್ಸ್‌ಗೆ ಹೋಯಿತು, ಅವರು ಬಾಂಬಿನ ಮೇಲೆ ಕುಳಿತು ಟೋಪಿ ಬೀಸುತ್ತಾ ಬೀಳುವ ದೃಶ್ಯ ಸಿನಿಮಾ ಚರಿತ್ರೆಗೆ ಸೇರಿತು. ಮುಂದೆ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ, 1968ರಲ್ಲಿ ಯುದ್ಧವಿರೋಧಿ ಅಭ್ಯರ್ಥಿ ಯೂಜಿನ್ ಮೆಕಾರ್ತಿಯ ಪರ ನಿಂತ ಮನುಷ್ಯನಿಗೆ ಆ ಕಥೆ ಒಗ್ಗುತ್ತಿರಲಿಲ್ಲ ಎಂದು ನನಗಂತೂ ಅನ್ನಿಸುವುದಿಲ್ಲ. ಹಾಸ್‌ನ ವೇಷವನ್ನು ನೋಡಿ ಒಳಗಿನ ಮನುಷ್ಯನನ್ನು ಅಳೆದವರಲ್ಲಿ ಅವರದೇ ಏಜೆಂಟನೂ ಒಬ್ಬ.

ಇನ್ನೊಬ್ಬ ನಿರ್ದೇಶಕರು ಮಾತ್ರ ಸರಿಯಾಗಿ ಅಳೆದಿದ್ದರು. ರಾಬರ್ಟ್ ಆಲ್ಟ್‌ಮನ್ ಇನ್ನೂ ಹೆಸರು ಮಾಡುವ ಮೊದಲು, 1960-61ರಲ್ಲಿ ‘ಬೊನಾಂಜಾ’ದ ಎಂಟು ಕಂತು ನಿರ್ದೇಶಿಸಿದ್ದರು. ಗೆಳೆತನ ಉಳಿಯಿತು. ‘ದ ಲಾಂಗ್ ಗುಡ್‌ಬೈ’ ಚಿತ್ರ ಮಾಡುವಾಗ, ಕುಡಿತದಲ್ಲಿ ಕುಸಿಯುತ್ತಿರುವ ಲೇಖಕ ರಾಜರ್ ವೇಡ್‌ನ ಪಾತ್ರಕ್ಕೆ ಬ್ಲಾಕರ್ ಅವರನ್ನೇ ಆರಿಸಿದ್ದರು. ಸ್ವಲ್ಪ ಯೋಚಿಸಿ. ಹದಿಮೂರು ವರ್ಷ ಒಂದೇ ಪಾತ್ರ ಮಾಡಿದ ನಟನಿಗೆ ನಲವತ್ತಮೂರನೇ ವಯಸ್ಸಿನಲ್ಲಿ ಸಿಕ್ಕ ದೊಡ್ಡ ಬಾಗಿಲು ಅದು.

ಆ ಬಾಗಿಲು ದಾಟಲಾಗಲಿಲ್ಲ. 1972ರ ಮೇ ತಿಂಗಳಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ, ಮೇ 13ರಂದು ತೀರಿಕೊಂಡರು. ಹೆಂಡತಿ, ಅವಳಿ ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಹುಟ್ಟಿದ ಊರು ಡಿ ಕಾಲ್ಬ್‌ನಲ್ಲೇ ಮಣ್ಣು ಮಾಡಿದರು. ರಾಜರ್ ವೇಡ್ ಪಾತ್ರವನ್ನು ಸ್ಟರ್ಲಿಂಗ್ ಹೇಡನ್ ಮಾಡಿದರು. 1973ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಬ್ಲಾಕರ್ ಅವರನ್ನು ವಿಶೇಷವಾಗಿ ನೆನೆದ ಸಾಲೊಂದಿದೆ. ಒಂದೇ ಒಂದು ದೃಶ್ಯದಲ್ಲೂ ಇಲ್ಲದ ನಟನಿಗೆ ಆಲ್ಟ್‌ಮನ್ ಸಲ್ಲಿಸಿದ ಗೌರವ ಅದು.

ಧಾರಾವಾಹಿಗೆ ಏನಾಯಿತು? ಆ ಕಾಲದ ರೂಢಿ ಎಂದರೆ ನಟ ಸತ್ತರೆ ಪಾತ್ರ ಎಲ್ಲೋ ದೂರದೂರಿಗೆ ಹೋಗಿದೆ ಎಂದು ಹೇಳಿ ಮುಗಿಸುವುದು, ಇಲ್ಲವೇ ಇನ್ನೊಬ್ಬನನ್ನು ಅದೇ ಪಾತ್ರಕ್ಕೆ ತರುವುದು. ಹಾಸ್ ವಿಷಯದಲ್ಲಿ ಎರಡನ್ನೂ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ. ಮುಂದಿನ ಋತುವಿನ ಮೊದಲ ಕಥೆಯನ್ನು ಲ್ಯಾಂಡನ್ ಬರೆದಿದ್ದರು, ಅದರಲ್ಲಿ ಹಾಸ್‌ಗೆ ಮದುವೆ. ಬ್ಲಾಕರ್ ಹೋದ ಮೇಲೆ ಅದನ್ನೇ ಲಿಟ್ಲ್ ಜೋ ಮದುವೆಯಾಗುವಂತೆ ತಿದ್ದಿದರು. ‘ಫಾರೆವರ್’ ಎಂಬ ಆ ಕಥೆ 1972ರ ಸೆಪ್ಟೆಂಬರ್ 12ರಂದು, ಮೊದಲ ಕಂತು ಬಂದು ಸರಿಯಾಗಿ ಹದಿಮೂರು ವರ್ಷಕ್ಕೆ, ಪ್ರಸಾರವಾಯಿತು. ಹಾಸ್ ಸತ್ತಿದ್ದಾನೆ ಎಂಬುದು ಅದರಲ್ಲಿ ತಿಳಿಯುತ್ತದೆ, ಹೇಗೆ ಸತ್ತ ಎಂಬುದು ತಿಳಿಯುವುದಿಲ್ಲ. ಅದಕ್ಕೊಂದು ಉತ್ತರ ಬಂದದ್ದು 1988ರಲ್ಲಿ, ಮುಂದಿನ ಪೀಳಿಗೆಯ ಕಥೆ ಹೇಳುವ ಟಿ.ವಿ. ಚಿತ್ರದಲ್ಲಿ: ಒಬ್ಬ ಹೆಂಗಸನ್ನು ಉಳಿಸಲು ಹೋಗಿ ನೀರಿನಲ್ಲಿ ಮುಳುಗಿದ ಎಂದು. ಬರೆದವರಿಗೆ ಹಾಸ್ ಗೊತ್ತಿದ್ದ.

‘ಬೊನಾಂಜಾ’ ಬಹಳ ದಿನ ಉಳಿಯಲಿಲ್ಲ. ಭಾನುವಾರದಿಂದ ಮಂಗಳವಾರಕ್ಕೆ ಸರಿಸಿದ್ದೂ ಒಂದು ಕಾರಣ, ಕಾಲವೂ ಬದಲಾಗಿತ್ತು. 1973ರ ಜನವರಿ 16ರಂದು ಋತುವಿನ ನಡುವೆಯೇ ನಿಲ್ಲಿಸಿದರು. ಒಟ್ಟು 431 ಕಂತು. ಲೆಕ್ಕಾಚಾರದವರು ಸಮಯ ಬದಲಾವಣೆಯನ್ನು ದೂರುತ್ತಾರೆ. ಆ ಕೊನೆಯ ಕಂತುಗಳನ್ನು ನೋಡಿದರೆ ನನಗೆ ಕಾಣುವುದು ಬೇರೆ. ಮನೆಯಿದೆ, ಮೇಜಿದೆ, ಅಪ್ಪನಿದ್ದಾನೆ, ತಮ್ಮನಿದ್ದಾನೆ. ಯಾರ ದನಿಯಲ್ಲೂ ಸಲುಗೆಯಿಲ್ಲ. ಹಾಸ್ ಮಾಡುತ್ತಿದ್ದ ಕೆಲಸ ಎಷ್ಟೆಂಬುದು ಅವನಿಲ್ಲದಾಗ ಅಳತೆಗೆ ಸಿಕ್ಕಿತು.

ಮಗ ಡರ್ಕ್ ಬ್ಲಾಕರ್ ಕೂಡ ನಟರು. ‘ಬ್ರೂಕ್ಲಿನ್ ನೈನ್-ನೈನ್’ ನೋಡಿರುವ ಇಲ್ಲಿನ ಹುಡುಗರಿಗೆ ಹಿಚ್‌ಕಾಕ್ ಎಂಬ ಸೋಮಾರಿ ಪತ್ತೇದಾರ ಗೊತ್ತಿರಬೇಕು, ಅವರೇ ಇವರು. ಇನ್ನೊಬ್ಬ ಮಗ ಡೇವಿಡ್ ನಿರ್ಮಾಪಕರಾದರು.

ಎಲ್ಲಿಂದ ನೋಡಲು ಶುರು ಮಾಡಬೇಕು ಎಂದು ಕೇಳುತ್ತೀರಿ. ಮೊದಲೆರಡು ಋತುಗಳ ಹಲವು ಕಂತುಗಳ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಮುಗಿದಿದೆ, ಹಾಗಾಗಿ ಅವು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಲೆಪ್ರಕಾನ್ ಕಂತಿನಿಂದ ಆರಂಭಿಸಿ. ಒಬ್ಬರೇ ಕುಳಿತು ನೋಡುವುದಾದರೆ ‘ದ ಏಪ್’. ಆಮೇಲೆ 1969ರ ‘ದ ವಿಶ್’, ಲ್ಯಾಂಡನ್ ಬರೆದು ನಿರ್ದೇಶಿಸಿದ್ದು. ಅದರಲ್ಲಿ ಆಸಿ ಡೇವಿಸ್ ಎಂಬ ದೊಡ್ಡ ನಟ ಕಷ್ಟದಲ್ಲಿರುವ ಕಪ್ಪು ಕುಟುಂಬದ ತಂದೆ, ಹಾಸ್ ಅವರಿಗೆ ನೆರವಾಗಲು ಹೊರಟು ನೆರವು ಎಷ್ಟು ನಾಜೂಕಿನ ಕೆಲಸ ಎಂಬುದನ್ನು ಕಲಿಯುತ್ತಾನೆ. ಜಾಕ್ಸನ್‌ಗೆ ಹೋಗಿದ್ದ ಟೆಲಿಗ್ರಾಂ ನೆನಪಿಟ್ಟುಕೊಂಡು ನೋಡಿದರೆ ಆ ಕಂತು ಬೇರೆಯದೇ ರೀತಿ ಕಾಣುತ್ತದೆ. ‘ಫಾರೆವರ್’ ಅನ್ನು ದಯವಿಟ್ಟು ಮೊದಲು ನೋಡಬೇಡಿ. ಹತ್ತಿಪ್ಪತ್ತು ಕಂತುಗಳಲ್ಲಿ ಹಾಸ್ ಜೊತೆ ಕುಳಿತು ಊಟ ಮಾಡಿದ ಮೇಲೆ ಅದಕ್ಕೆ ಬನ್ನಿ.